ಕರ್ತನ ಮೇಜಿಗೆ ಹೋಗದವರು

೨೨ ಸೆಪ್ಟೆಂಬರ್ ೧೯೫೨, ಸೋಮವಾರ

ತಿಮಿಂಗಿಲ ಬೇಟೆಯ ಹಡಗಿಗೆ ನನ್ನನ್ನು ತೆಗೆದುಕೊಂಡಿದ್ದಾರೆ. ಮುಂದಿನ ತಿಂಗಳ ಮೊದಲ ವಾರ ಕಳೆಯುವುದರೊಳಗೆ ಲೀತ್ ಬಂದರಿನಲ್ಲಿ ಇರಬೇಕಂತೆ. ಅಲ್ಲಿಂದ ದಕ್ಷಿಣದ ಹಿಮಸಮುದ್ರಕ್ಕೆ. ಈ ಲೂಯಿಸ್ ದ್ವೀಪ, ಈ ಗಾಳಿ, ಹಿತ್ತಲಿನ ಕೊಟ್ಟಿಗೆಯಲ್ಲಿ ಕಾಲು ಸೋಲುವವರೆಗೆ ತುಳಿಯುವ ಈ ಮಗ್ಗ, ಎಲ್ಲಕ್ಕೂ ಬೆನ್ನು ತಿರುಗಿಸಿ ಹೋಗುತ್ತೇನೆ.

ಅಪ್ಪನಿಗೆ ಹೇಳೋಣವೆಂದು ಮನೆಯೊಳಗೆ ಹೋದೆ. ನರ್ಸ್ ಥ್ವೇಟ್ ಅವನನ್ನು ನೋಡಿ ಹೊರಗೆ ಬರುತ್ತಿದ್ದಳು. ಬಾಗಿಲ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದಳು: "ಫಿನ್ಲೆ, ಗಡ್ಡೆ ತುಂಬಾ ಬೆಳೆದುಬಿಟ್ಟಿದೆ. ನಿಮ್ಮಪ್ಪ ಈ ಸಲದ ಕ್ರಿಸ್ಮಸ್ ನೋಡಲ್ಲ."

"ನಾವು ಕ್ರಿಸ್ಮಸ್ ಮಾಡಲ್ಲ" ಎಂದೆ.

ಇಂಗ್ಲೆಂಡಿನವಳು, ನಮ್ಮ ಸಭೆ ಆ ಹಬ್ಬವನ್ನು ಒಪ್ಪುವುದಿಲ್ಲವೆಂದು ಅವಳಿಗೆ ಹೇಗೆ ಗೊತ್ತಿರಬೇಕು ಪಾಪ. ಅವಳ ಸೈಕಲ್ಲು ತಿರುವು ದಾಟಿದ ಮೇಲೆ ಅವಳು ಹೇಳಿದ್ದೇನು ಎಂಬುದು ನನ್ನ ತಲೆಗೆ ಹೋಯಿತು.

ಹಡಗಿನ ವಿಷಯ ಹೇಳಲಿಲ್ಲ.

೨೫ ಸೆಪ್ಟೆಂಬರ್, ಗುರುವಾರ

ಅಪ್ಪನಿಗೆ ಎಲ್ಲವೂ ಗೊತ್ತಿದೆ. ಸಾವಿನ ಭಯ ಅವನಿಗಿಲ್ಲ. ಅದರಾಚೆ ಏನಿದೆಯೋ ಅದರ ಭಯ.

ಲೋಕ ಹುಟ್ಟುವ ಮೊದಲೇ ದೇವರು ತನಗೆ ಬೇಕಾದವರನ್ನು ಆರಿಸಿ ಇಟ್ಟಿದ್ದಾನೆ ಎಂದು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇವೆ. ಆರಿಸಿಕೊಂಡವರಲ್ಲಿ ಒಂದಲ್ಲ ಒಂದು ದಿನ ಕೃಪೆಯ ಗುರುತು ಕಾಣುತ್ತದಂತೆ. ಕಂಡವರು ಕರ್ತನ ಮೇಜಿಗೆ ಹೋಗಿ ರೊಟ್ಟಿ ಮುರಿಯುತ್ತಾರೆ, ದ್ರಾಕ್ಷಾರಸ ಕುಡಿಯುತ್ತಾರೆ. ಉಳಿದವರು ಬೆಂಚಿನಲ್ಲಿ ಕೂತು ನೋಡುತ್ತಾರೆ. ಗುರುತಿಲ್ಲದೆ ಹೋಗಿ ಉಂಡವನು ತನಗೇ ಶಿಕ್ಷೆ ಉಂಡಂತೆ. ವರ್ಷಕ್ಕೆ ಎರಡು ಸಲ ಮೇಜು ಹಾಸುತ್ತಾರೆ. ನಮ್ಮಪ್ಪ ರೋರಿ ಒಂದು ಸಲವೂ ಹೋದವನಲ್ಲ. ಊರಲ್ಲಿ ಯಾರನ್ನು ಕೇಳಿದರೂ ಅವನಂಥ ಮನುಷ್ಯ ಇಲ್ಲ ಎನ್ನುತ್ತಾರೆ. ಅವನು ಮಾತ್ರ ಹಿಂದಿನ ಬೆಂಚು ಬಿಟ್ಟು ಏಳಲಿಲ್ಲ.

ಹೋಗುವವನು ನಮ್ಮಣ್ಣ ಟಾರ್ಮಡ್. ಹೋದ ವರ್ಷದವರೆಗೆ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಿದ್ದ. ಚರ್ಚಿನಲ್ಲಿ ಒಂದು ಪ್ರಸಂಗ ಕೇಳಿ ಗಳಗಳ ಅತ್ತ. ಊರವರ ಮಾತಿನಲ್ಲಿ ಹೇಳುವುದಾದರೆ 'ಕಾಳಜಿ ಹತ್ತಿತು', ಅಂದರೆ ಆತ್ಮದ ಚಿಂತೆ. ಈಗ ಮುಂದಿನ ಸಾಲು. ಇವತ್ತು ಅಪ್ಪನನ್ನು ನೋಡಲು ಬಂದವನು ನನಗೆ ಬುದ್ಧಿ ಹೇಳಲು ಕೂತ.

"ಕೃಪೆ ಬಂದು ಬಾಗಿಲು ತಟ್ತಾ ಇದ್ರೆ ನೀನು ಒಳಗಿಂದ ಮಂಚ ಅಡ್ಡ ಇಟ್ಕೊಂಡು ಕೂತಿದೀಯ ಕಣೋ."

"ದೇವರು ಆರಿಸಿದೋರಿಗೆ ಆತನ್ನ ತಡೆಯಕ್ಕಾಗಲ್ಲ ಅಂತ ನೀನೇ ಹೇಳ್ತೀಯಲ್ಲ. ಮತ್ತೆ ನನ್ನ ಮಂಚಕ್ಕೆ ಯಾಕಣ್ಣ ಹೆದರ್ತಾನೆ?"

"ನೋಡವ್ವ ಇವನ ನಾಲಿಗೆ!"

"ಇಬ್ರೂ ಬಾಯಿ ಮುಚ್ಕೊಂಡು ಹೆರಿಂಗ್ ಮೀನು ತಿನ್ನಿ" ಎಂದಳು ಅವ್ವ. "ಮುಳ್ಳು ಸಿಕ್ಕಾಕ್ಕೊಂಡ್ರೆ ದೇವರು ಆರಿಸಿದೋನೂ ಕೆಮ್ತಾನೆ, ಆರಿಸ್ದೆ ಇರೋನೂ ಕೆಮ್ತಾನೆ."

ಹಾಸಿಗೆಯಿಂದ ಅಪ್ಪ ನಕ್ಕದ್ದು ಕೇಳಿಸಿತು.

ಸಂಜೆ ಮನೆಯವರೆಲ್ಲ ಪ್ರಾರ್ಥನೆಗೆ ಕೂತು ಪುಸ್ತಕ ತೆಗೆದಾಗ ಅಧ್ಯಾಯದ ನಡುವೆ ಅಪ್ಪನ ದನಿ ನಿಂತುಹೋಯಿತು. ಬೈಬಲನ್ನು ನನ್ನ ಕಡೆ ತಳ್ಳಿದ.

"ಓದ್ತೀನಪ್ಪ. ಪ್ರಾರ್ಥನೆ ಮಾತ್ರ ನನ್ನ ಕೈಲಿ ಆಗಲ್ಲ. ನಂಬದೆ ಮಂಡಿಯೂರಿದ್ರೆ ಅದು ಸುಳ್ಳು."

"ಓದು. ಓದೋದ್ರಲ್ಲಿ ಸುಳ್ಳಿಲ್ಲ."

ಅವನು ನನ್ನನ್ನು ಬೈಯುವುದೇ ಇಲ್ಲ. ಅರ್ಥವಾಗದ್ದನ್ನು ಅರ್ಥವಾಯಿತು ಎಂದು ಮೇಷ್ಟ್ರ ಮುಂದೆ ತಲೆಯಾಡಿಸಲಾರದೆ ಸ್ಟೋರ್ನೊವೇ ಶಾಲೆ ಬಿಟ್ಟು ನಡುವರ್ಷ ಮನೆಗೆ ಬಂದಾಗಲೂ ಬೈದಿರಲಿಲ್ಲ. ಮಗ್ಗದ ಮುಂದೆ ಕೂರಿಸಿ ಲಾಳಿ ಕೈಗೆ ಕೊಟ್ಟಿದ್ದ, ಅಷ್ಟೆ.

೨೮ ಸೆಪ್ಟೆಂಬರ್, ಭಾನುವಾರ

ಭಾನುವಾರ ಲೇಖನಿ ಮುಟ್ಟಬಾರದು. ಮುಟ್ಟಿದ್ದೇನೆ. ಆಕಾಶವೇನೂ ಬೀಳಲಿಲ್ಲ.

೧ ಅಕ್ಟೋಬರ್, ಬುಧವಾರ

ನರ್ಸ್ ಥ್ವೇಟ್ ಅಪ್ಪನ ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತಾ ಧರ್ಮದ ಮಾತು ತೆಗೆದಳು. ಅವಳ ಚರ್ಚೇ ಬೇರೆ, ಹಾಡಿನ ಜೊತೆ ಆರ್ಗನ್ ನುಡಿಸುವವರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳಿಗೆ ಗೇಲಿಕ್ ಸುತರಾಂ ಬಾರದು. ನಡುವೆ ನಾನು.

"ದೇವರು ಯಾರನ್ನೂ ಹೊರಗೆ ಇಟ್ಟಿಲ್ಲ ಅಂತ ಹೇಳಿ ಫಿನ್ಲೆ. ಬಾಗಿಲು ತೆರೆದೇ ಇದೆ. ಒಳಗೆ ಕಾಲಿಡೋದು ಅವರ ಕೈಲೇ ಇದೆ."

ಅವಳು ಅಂದದ್ದನ್ನು ಹಾಗೆಯೇ ಹೇಳಿದೆ.

"ನನ್ನ ಕೈ ನೋಡಿದಾಳಾ ಅವಳು? ಅಂಗಿ ಗುಂಡಿ ಹಾಕ್ಕೊಳಕ್ಕೆ ಆಗ್ತಿಲ್ಲ. ಇನ್ನು ಅಷ್ಟು ದೊಡ್ಡದನ್ನ ಈ ಕೈಲಿ ಇಡ್ತಾಳಾ?"

ಅವಳಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. "ಹಾಗಾದರೆ ನಿಮ್ಮ ದೇವರು ಕೆಲವರನ್ನು ಬೇಕಂತಲೇ ಬಿಟ್ಟುಬಿಡ್ತಾನಾ? ಅಂಥವನನ್ನ ಹೇಗೆ ಪ್ರೀತಿಸ್ತೀರಿ ಅಂತ ಕೇಳಿ."

ಇದನ್ನು ಅಪ್ಪನಿಗೆ ದಾಟಿಸಬೇಕೋ ಬೇಡವೋ ಎಂದು ತಡವರಿಸಿದೆ. ನಾನೂ ಅದನ್ನೇ ಎಷ್ಟು ವರ್ಷದಿಂದ ಕೇಳಬೇಕೆಂದಿದ್ದೆ. ಕೊನೆಗೆ ಕೇಳಿಬಿಟ್ಟೆ.

ಅಪ್ಪ ದಿಂಬಿನ ಮೇಲೆ ಮುಖವನ್ನು ನನ್ನ ಕಡೆ ಹೊರಳಿಸಿದ. "ಆತ ನನ್ನನ್ನ ಬಿಟ್ರೂ ಆತ ಒಳ್ಳೇವ್ನೇ" ಎಂದ. "ಅದನ್ನ ಅವಳಿಗೆ ಹೇಳು."

ಹೇಳಿದೆ. ನರ್ಸ್ ಮುಲಾಮಿನ ಮುಚ್ಚಳ ಹಾಕಿದಳು. ಹೊರಡುವಾಗ ಕಣ್ಣೊರೆಸಿಕೊಂಡು ಇದು ಕ್ರೂರ, ಇದು ಕ್ರೂರ ಎಂದಳು. ಹೌದು ಎಂದೆ. ಆದರೆ ಅವಳ ತೆರೆದ ಬಾಗಿಲು ಯಾಕೋ ನನಗೂ ರುಚಿಸಲಿಲ್ಲ. ಅಂಗಡಿಯ ಬಾಗಿಲಿನ ಹಾಗೆ ಕಂಡಿತು.

೬ ಅಕ್ಟೋಬರ್, ಸೋಮವಾರ

ಹೊರಡಬೇಕಿತ್ತು. ಮಗ್ಗದ ಮೇಲೆ ಹಾಸು ಇನ್ನೂ ಉಳಿದಿದೆ. ಅರ್ಧ ನೇಯ್ದದ್ದನ್ನು ಬಿಟ್ಟುಹೋಗುವುದು ಹೇಗೆ? ಮುಗಿಸಿ ಹೊರಡುತ್ತೇನೆ.

೯ ಅಕ್ಟೋಬರ್, ಗುರುವಾರ

ಚರ್ಚಿನ ಅಯ್ಯನವರು ಬಂದಿದ್ದರು. ಎದುರುಗಾಳಿಯಲ್ಲಿ ಸೈಕಲ್ ತುಳಿದು ಕಿವಿ ಕೆಂಪಗಾಗಿತ್ತು. ಮಕಾಸ್ಕಿಲ್ ಅಯ್ಯನವರು ಕೆಟ್ಟವರಲ್ಲ. ಪ್ರಸಂಗಪೀಠದ ಮೇಲೆ ಗುಡುಗುತ್ತಾರೆ, ಮನೆಗೆ ಬಂದರೆ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ.

"ರೋರಿ, ಮುಂದಿನ ವಾರ ಮೇಜು ಹಾಸ್ತೀವಿ. ಈ ಸಲಾನಾದ್ರೂ ಸಭೆಯ ಹಿರಿಯರ ಮುಂದೆ ಒಂದು ಮಾತು ಹೇಳಬಾರದಾ?"

"ಏನಂತ ಹೇಳಲಿ ಅಯ್ಯನವರೇ? ಇಲ್ಲದ್ದನ್ನ ಇದೆ ಅನ್ನಲಾ?"

"ಇಲ್ಲವಲ್ಲ ಅಂತ ಇಷ್ಟು ವರ್ಷ ಕೊರಗಿದೀರಲ್ಲ, ಅದೇ ಗುರುತು. ಹೆಣಕ್ಕೆ ಹಸಿವಾಗಲ್ಲ ರೋರಿ. ಹಸಿವಿದೆ ಅಂದ್ರೆ ಜೀವ ಇದೆ ಅಂತ."

"ಹಸಿದೋರೆಲ್ಲ ಉಂಡಿದಾರಾ? ಹಸ್ಕೊಂಡೇ ಸತ್ತೋರಿಲ್ವಾ?" ಅಪ್ಪ ಉಸಿರೆಳೆದುಕೊಂಡ. "ನೀವು ಕೊಡ್ತಿರೋ ಈ ದಿಂಬು ತುಂಬಾ ಮೆತ್ತಗಿದೆ ಅಯ್ಯನವರೇ. ಸೈತಾನನೂ ಇದನ್ನೇ ಕೊಡ್ತಾನೆ."

ನನಗೆ ತಡೆಯಲಾಗಲಿಲ್ಲ. "ಮೊದ್ಲೇ ಆರಿಸಿದ್ರೆ ಅಪ್ಪ ಏನು ಮಾಡಿದ್ರೂ ಅಷ್ಟೆ, ಆರಿಸ್ದೇ ಇದ್ರೂ ಅಷ್ಟೆ. ಮತ್ತೆ ನೀವು ಯಾಕೆ ಈ ಗಾಳೀಲಿ ಸೈಕಲ್ ತುಳ್ಕೊಂಡು ಬಂದ್ರಿ?"

ಅವ್ವ "ಫಿನ್ಲೆ!" ಎಂದಳು. ಅಯ್ಯನವರು ಬೆಕ್ಕನ್ನು ಕೆಳಗಿಳಿಸಿದರು.

"ಬರದೆ ಇರಕ್ಕಾಗ್ಲಿಲ್ಲಪ್ಪ. ಅದಕ್ಕೇ ಬಂದೆ."

ಅವರು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದ. "ಇವರೆಲ್ಲ ನನ್ನ ಸಮಾಧಾನಕ್ಕೆ ಏನೋ ಹೇಳ್ತಾರೆ. ನೀನು ಸುಳ್ಳಾಡಲ್ಲ. ಜೊತೇಲೇ ಬೆಳೆದೋನು. ನನ್ನಲ್ಲಿ ಗುರುತು ಕಂಡಿದೀಯಾ?"

ಅವನ ಕಣ್ಣು ಹಳದಿಗಟ್ಟಿತ್ತು. ಆ ಕಣ್ಣನ್ನು ನೋಡಿಕೊಂಡು ಹೌದು ಎನ್ನಬಹುದಿತ್ತು.

"ಅದು ಹೇಗಿರುತ್ತೆ ಅಂತ್ಲೇ ನನಗೆ ಗೊತ್ತಿಲ್ಲಪ್ಪ. ಗೊತ್ತಿಲ್ದೆ ಕಂಡೆ ಅಂತ ಹೇಗೆ ಹೇಳ್ಲಿ?"

"ಸರಿ" ಎಂದು ನನ್ನ ಕೈ ತಟ್ಟಿದ. ನನ್ನನ್ನೇ ಸಮಾಧಾನ ಮಾಡುವವನ ಹಾಗೆ.

೧೩ ಅಕ್ಟೋಬರ್, ಸೋಮವಾರ

ಮಳೆ. ಹಾಸು ಮುಗಿಯಿತು. ಇನ್ನೊಂದನ್ನು ಏರಿಸಿದೆ. ಸಂಜೆ ಪುಸ್ತಕ ತೆಗೆದೆವು. ಪ್ರಾರ್ಥನೆ ಮುಗಿಸಿ ನಾನು ಏಳುವಷ್ಟರಲ್ಲಿ ಅವ್ವ ಬಗ್ಗಿಸಿಟ್ಟ ಚಹಾ ಆರಿಹೋಗಿತ್ತು. ಹಡಗು ಇಷ್ಟು ಹೊತ್ತಿಗೆ ದೂರ ಹೋಗಿರಬೇಕು.

೧೭ ಅಕ್ಟೋಬರ್, ಶುಕ್ರವಾರ

ಮನೆ ತುಂಬ ನೆಂಟರು. ಮೇಜಿನ ವಾರಕ್ಕೆಂದು ಬೇರೆ ಊರುಗಳಿಂದ ಬಂದವರು ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ, ಮಗ್ಗದ ಪಕ್ಕದಲ್ಲಿ ಮಲಗಿದ್ದಾರೆ. ಅವ್ವ ಕುರಿಮಾಂಸದ ಸಾರಿನ ಹಂಡೆ ಬಿಟ್ಟು ಕದಲುವ ಹಾಗಿಲ್ಲ.

ಇಂದು ಪ್ರಶ್ನೆಯ ದಿನ. ಆರಿಸಿಕೊಂಡವರ ಗುರುತೇನು ಎಂದು ಒಬ್ಬ ಹಿರಿಯ ಎದ್ದು ಕೇಳುತ್ತಾನೆ. ಮೇಜಿಗೆ ಹೋಗುವ ಗಂಡಸರು ಒಬ್ಬೊಬ್ಬರಾಗಿ ಎದ್ದು ತಮ್ಮೊಳಗೆ ನಡೆದದ್ದನ್ನು ಹೇಳುತ್ತಾರೆ. ಅಪ್ಪ ಈ ದಿನವನ್ನು ಯಾವತ್ತೂ ತಪ್ಪಿಸಿಕೊಂಡವನಲ್ಲ. "ನೀನು ಹೋಗಿ ಕೇಳ್ಕೊಂಡು ಬಾ. ಏನೂ ಬಿಡಬೇಡ, ಏನೂ ಸೇರಿಸಬೇಡ" ಎಂದು ಕಳಿಸಿದ.

ಟಾರ್ಮಡ್ ಎದ್ದು ಬಹಳ ಮಾತಾಡಿದ. ಚರಂಡಿಯ ಕಥೆ ಹೋದ ಸಲಕ್ಕಿಂತ ಉದ್ದವಾಗಿತ್ತು. ಆಮೇಲೆ ಹ್ಯಾರಿಸ್ ಕಡೆಯ ಒಬ್ಬ ಕುರುಡ ಮುದುಕ ಎದ್ದ. ಬೆಂಚನ್ನು ಹಿಡಿದು ನಿಂತು ಹೇಳಿದ್ದು ಇಷ್ಟೆ: "ನಾನು ಆತನ್ನ ಹಿಡ್ಕೊಂಡಿದೀನೋ ಇಲ್ವೋ ಗೊತ್ತಿಲ್ಲ. ಹೆಂಡ್ತಿ ಸತ್ತಾಗ ಬಿಟ್ಬಿಡೋಣ ಅಂತ ನೋಡ್ದೆ. ಆಗ್ಲಿಲ್ಲ." ಕೂತುಬಿಟ್ಟ.

ಇದನ್ನು ಅಪ್ಪನಿಗೆ ಹೇಳಿದೆ.

"ಬಿಡಕ್ಕೆ ನೋಡಿದ್ನಂತಾ?"

"ಹಾಗಂದ."

"ನಾನು ನೋಡೇ ಇಲ್ಲವಲ್ಲೋ" ಎಂದ ಅಪ್ಪ. "ಬಿಡೋದು ಅಂತ ಒಂದಿದೆ ಅಂತ್ಲೇ ನನಗೆ ಹೊಳೀಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಅಯ್ಯನವರಿಗೆ ಹೇಳಿಕಳಿಸು. ನಾಳೆ ಬರಲಿ" ಎಂದ.

ಹೊಲ ದಾಟಿ ಓಡಿದೆ. ಯಾಕೆ ಓಡಿದೆನೋ. ನಡೆದಿದ್ದರೂ ಆಗುತ್ತಿತ್ತು.

೧೮ ಅಕ್ಟೋಬರ್, ಶನಿವಾರ

ಅಯ್ಯನವರೂ ಕರಿ ಇಯಾನ್ ಎಂಬ ಸಭೆಯ ಹಿರಿಯನೂ ಮಂಚದ ಬಳಿ ಕೂತರು. ಇಯಾನ್ ಅಪ್ಪನ ಜೊತೆ ಒಂದೇ ದೋಣಿಯಲ್ಲಿ ಮೀನು ಹಿಡಿದವನು. ಆದರೂ ಹಲ್ಲು ಕಚ್ಚಿಕೊಂಡು ಕೇಳಿದ, "ಏನು ಗುರುತು ರೋರಿ?"

"ಗುರುತಿಲ್ಲ. ಆತ ಬೇಕು."

"ಬೇಕು ಅನ್ನೋದು ಎಲ್ರಿಗೂ ಇರುತ್ತಪ್ಪ."

"ನಿನಗೆ ಯಾವಾಗಿಂದ ಇದೆ ಇಯಾನ್? ನನಗೆ ಕುರಿ ಮೇಯಿಸೋ ಹುಡುಗ ಆಗಿದ್ದಾಗಿಂದ ಇದೆ. ಒಂದಿನಾನೂ ಹೋಗ್ಲಿಲ್ಲ."

ಇಯಾನ್ ಟೋಪಿ ತಿರುಗಿಸುತ್ತ ಕೂತ. ಅಯ್ಯನವರು ಜೇಬಿನಿಂದ ಸೀಸದ ಬಿಲ್ಲೆ ತೆಗೆದು ಅಪ್ಪನ ಅಂಗೈಯಲ್ಲಿಟ್ಟರು. ಅದಿಲ್ಲದೆ ಮೇಜಿನ ಬಳಿ ಯಾರನ್ನೂ ಬಿಡುವುದಿಲ್ಲ. ಅವ್ವ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

"ಇದು ಸಿಕ್ತು ಅಂತ ಹೋಗೇ ಹೋಗ್ತೀನಿ ಅಂತಲ್ಲ" ಎಂದ ಅಪ್ಪ. "ನಾನಾಗೇ ಏಳಲ್ಲ. ನಿಮ್ಮ ಯಾರ ಬಲವಂತಕ್ಕೂ ಏಳಲ್ಲ. ಆತ ಎಬ್ಬಿಸಿದ್ರೆ ಏಳ್ತೀನಿ."

ಮನೆಯಲ್ಲಿ ಮೇಜು ಹಾಸುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಗೇ ಹೋಗಬೇಕು. ಕಸಾಯಿಯವನ ವ್ಯಾನು ಕೇಳಿದ್ದೇವೆ. ನೀರು ತುಂಬಿಸಿ, ಆಲೂಗಡ್ಡೆ ಸುಲಿದು, ನಾಳೆ ಒಲೆಗೆ ಬೇಕಾದ ಪೀಟ್ ಹೆಂಟೆಗಳನ್ನು ಒಳಗೆ ತಂದಿಟ್ಟೆ. ಅವನು ನಾಳೆ ಏಳಬೇಕು. ಅದು ಬಿಟ್ಟು ನನಗೆ ಬೇರೇನೂ ಬೇಡ.

೨೦ ಅಕ್ಟೋಬರ್, ಸೋಮವಾರ

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ. ಭಾನುವಾರ ಬರೆಯಲು ಮನಸ್ಸಾಗಲಿಲ್ಲ.

ಅಪ್ಪನನ್ನು ಕಂಬಳಿಯಲ್ಲಿ ಸುತ್ತಿ, ನಾನೂ ಟಾರ್ಮಡ್ಡೂ ಹಾಸಿಗೆಯಿಂದ ವ್ಯಾನಿಗೆ ಎತ್ತಿ ತಂದೆವು. ಮೂಳೆ ಚರ್ಮವಾಗಿದ್ದರೂ ಜೋತುಬಿದ್ದ ಮೈ, ಇಬ್ಬರಿಗೂ ಏದುಸಿರು ಬಂತು. ಚರ್ಚಿನಲ್ಲಿ ಅವನದೇ ಹಿಂದಿನ ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ನಾನು ಒರಗು ಕೊಟ್ಟು ಕೂತೆ. ಟಾರ್ಮಡ್ ಮುಂದೆ ಹೋದ.

ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಅಯ್ಯನವರು ಮೊದಲು ಬೇಲಿ ಹಾಕಿದರು: ಕುಡುಕರು ಬರಬೇಡಿ, ಕಳ್ಳರು ಬರಬೇಡಿ, ಕಪಟಿಗಳು ಬರಬೇಡಿ, ದೇವರಿಗಿಂತ ಇನ್ನೊಂದನ್ನು ಹೆಚ್ಚು ಪ್ರೀತಿಸುವವರು ಬರಬೇಡಿ. ಪ್ರತಿ ಮಾತಿಗೂ ಅಪ್ಪ ತಲೆ ತಗ್ಗಿಸುತ್ತಿದ್ದ. ಆಮೇಲೆ ಅವರ ದನಿ ಬದಲಾಯಿತು. ಆತನು ಬೇಕೆನ್ನುವವರು ಬನ್ನಿ ಎಂದರು. ಕೀರ್ತನೆ ಶುರುವಾಯಿತು. ಹಾಡಿಸುವವನು ಸಾಲು ಎತ್ತಿಕೊಡುತ್ತಿದ್ದ, ಸಭೆ ಹಿಂದಿನಿಂದ ಎಳೆದೆಳೆದು ಹಾಡುತ್ತಿತ್ತು. ಒಬ್ಬೊಬ್ಬರೇ ಎದ್ದು ಮೇಜಿಗೆ ಹೋದರು. ಹೆಚ್ಚಿನವರು ಮುದುಕರು. ಅರ್ಧ ಮೇಜು ಖಾಲಿ.

ಸಾಲಿನ ಮೇಲೆ ಸಾಲು ಹೋಯಿತು. ಬಿಲ್ಲೆ ಹಿಡಿದ ಕೈ ಅವನ ತೊಡೆಯ ಮೇಲಿತ್ತು, ಅಲುಗಲಿಲ್ಲ. ಹಾಡಿಸುವವನು ಅಪ್ಪನ ಕಡೆ ನೋಡಿ ಅದೇ ಸಾಲನ್ನು ಇನ್ನೊಮ್ಮೆ ಎತ್ತಿದ. ಇಡೀ ಚರ್ಚು ಅವನಿಗಾಗಿ ಕಾಯುತ್ತಿತ್ತು. ತೋಳು ಅವನ ಬೆನ್ನ ಹಿಂದೆ ಹಾಕಿದ್ದೆ.

ಅಪ್ಪ ನಿಂತಿದ್ದ.

ಎರಡೂ ಕಾಲ ಮೇಲೆ ನಿಂತಿದ್ದ. ನನ್ನ ತೋಳು ಅವನ ಕಂಕುಳಲ್ಲಿತ್ತು. ಮುಂದಿನವರೆಲ್ಲ ಹಾಡುತ್ತಲೇ ಅಳುತ್ತಿದ್ದರು. ಅವನು ಹೆಜ್ಜೆ ಕೀಳಲಿಲ್ಲ. ನನ್ನ ಕಡೆ ಮುಖ ತಿರುಗಿಸಿದ.

"ಫಿನ್ಲೆ, ನಾನು ಎದ್ನಾ, ನೀನು ಎತ್ತಿದ್ಯಾ?"

ನನ್ನ ತೋಳನ್ನು ನೋಡಿದೆ. ಬೇಗ ಹೇಳಬೇಕಿತ್ತು, ಕೀರ್ತನೆ ಮುಗಿಯುತ್ತಿತ್ತು. ನಿಜ ಹೇಳಬೇಕಿತ್ತು. ಅವನು ಏಳಲಿ ಎಂದು ನಾನು ಎಷ್ಟು ಬಯಸಿದ್ದೆ ಎಂಬುದು ನನಗಲ್ಲದೆ ಯಾರಿಗೆ ಗೊತ್ತು?

"ನಾನೇ ಎತ್ತಿದೆ ಅಂತ ಕಾಣುತ್ತಪ್ಪ."

ಅವನಿಗೆ ಕೋಪ ಬರಲಿಲ್ಲ. "ಹಾಗಾದ್ರೆ ಕೂರಿಸು. ನಿನ್ನ ಪ್ರೀತಿ ಹಿಡ್ಕೊಂಡು ಆತನ ಮೇಜಿಗೆ ಹೋಗಬಾರ್ದು."

ಕೂರಿಸಿದೆ.

ಎಲ್ಲ ಮುಗಿದ ಮೇಲೆ ಬಿಲ್ಲೆಯನ್ನು ಅವನೇ ಕರಿ ಇಯಾನ್ ಕೈಗೆ ವಾಪಸು ಕೊಟ್ಟ. ಇಯಾನ್ ಅದನ್ನು ತೆಗೆದುಕೊಳ್ಳಲಾರದೆ ನಿಂತಿದ್ದ. "ತಗೋ ಮಾರಾಯ, ಸೀಸ ಭಾರ" ಎಂದ ಅಪ್ಪ.

ಮನೆಗೆ ಬಂದು ಅವನನ್ನು ಮಲಗಿಸಿದ ಮೇಲೆ ಟಾರ್ಮಡ್ ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಗೋಡೆಗೆ ಒತ್ತಿದ. "ನೀನೇ ಎದ್ದೆ ಅಪ್ಪ ಅಂತ ಒಂದು ಮಾತು! ಅಷ್ಟು ಅಂದಿದ್ರೆ ನಿನ್ನ ನಾಲಿಗೆ ಬಿದ್ದೋಗ್ತಿತ್ತಾ?"

"ಸುಳ್ಳು ಹೇಳಿ ಮೇಜಿಗೆ ಕಳಿಸ್ಬೇಕಿತ್ತಾ? ಆ ಮೇಜಿಗೆ?"

ನಾನು ಹೀಗೆ ಕೇಳಿದಾಗ ಅವನು ಕೈ ಬಿಟ್ಟ. ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ.

೨೨ ಅಕ್ಟೋಬರ್, ಬುಧವಾರ

ಬೆಳಿಗ್ಗೆ ಅಪ್ಪ ಹೋದ. ಎರಡು ದಿನದಿಂದ ಮುಖ ಗೋಡೆಯ ಕಡೆಗಿತ್ತು. ಏನು ಕಂಡನೋ, ಏನೂ ಕಾಣಲಿಲ್ಲವೋ, ಹೇಳಲಿಲ್ಲ. ನಾನು ಓದುತ್ತಿದ್ದೆ. ಅವ್ವ ನನ್ನ ಭುಜ ಮುಟ್ಟಿದಳು. ಅಧ್ಯಾಯ ಮುಗಿಸಿದೆ.

೨೪ ಅಕ್ಟೋಬರ್, ಶುಕ್ರವಾರ

ಮಣ್ಣು ಮಾಡಿ ಬಂದೆವು.

ಅಯ್ಯನವರು ಮನೆಯಲ್ಲಿ ಪ್ರಾರ್ಥಿಸುವಾಗ ಅಪ್ಪನ ಹೆಸರೆತ್ತಲಿಲ್ಲ. ಸತ್ತವರಿಗಾಗಿ ನಮ್ಮಲ್ಲಿ ಪ್ರಾರ್ಥಿಸುವುದಿಲ್ಲ, ಅವರದು ತೀರ್ಮಾನವಾಗಿ ಹೋದದ್ದು. ನರ್ಸ್ ಥ್ವೇಟ್ ಬಾಗಿಲಲ್ಲಿ ನಿಂತಿದ್ದಳು. ಖಂಡಿತ ಒಳ್ಳೆಯ ಕಡೆ ಹೋಗಿದ್ದಾರೆ ಫಿನ್ಲೆ ಎಂದಳು. ಅಷ್ಟು ಸುಲಭವಾಗಿ ಹೇಳಬೇಡಿ ಎಂದುಬಿಟ್ಟೆ. ಅವಳಿಗೆ ನೋವಾಯಿತು.

ಅಪ್ಪನನ್ನು ಶವಪೆಟ್ಟಿಗೆಗೆ ಇಳಿಸಲು ನಾನು ತಲೆಯ ಕಡೆ ಹಿಡಿದೆ, ಟಾರ್ಮಡ್ ಕಾಲಿನ ಕಡೆ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಏಳಲಿಲ್ಲ. ಟಾರ್ಮಡ್ "ಹೂಂ, ಎತ್ತೋ" ಎಂದ. ಎತ್ತುತ್ತಾ ಇದೀನಿ ಎಂದೆ. ಮಂಡಿ ಊರಿ, ಎದೆಗೆ ಒತ್ತಿಕೊಂಡು ಮತ್ತೆ ಎತ್ತಿದೆ. ತೋಳು ನಡುಗಿತು. ಇನ್ನೊಬ್ಬರು ಬಂದು ಕೈ ಕೊಡಬೇಕಾಯಿತು.

ಆಗ ತಿಳಿಯಿತು. ಇದು ನಾನು ಎತ್ತಿದ ಭಾರ. ಅಪ್ಪನನ್ನು ಎತ್ತುವುದೆಂದರೆ ಇಷ್ಟು ಭಾರ.

ಹೆಣ ಭಾರವಾಗುತ್ತದೆ ಎನ್ನುತ್ತಾರೆ. ಇರಬಹುದು. ಹಾಸಿಗೆಯಿಂದ ವ್ಯಾನಿಗೆ ತಂದದ್ದನ್ನೂ ನೆನೆದು ನೋಡಿದೆ. ಆಗ ಜೀವವಿತ್ತು, ಆದರೂ ಇಬ್ಬರಿಗೆ ಏದುಸಿರು. ಸ್ಮಶಾನದವರೆಗೆ ಅದನ್ನೇ ಹೊರಳಿಸುತ್ತ ಹೋದೆ. ಊರ ಗಂಡಸರು ಸಾಲುಗಟ್ಟಿ ಹೆಗಲು ಬದಲಿಸುತ್ತಿದ್ದರು, ಯಾರೂ ಮಾತಾಡಲಿಲ್ಲ. ಬೆಂಚಿನಲ್ಲಿ ನನ್ನ ಒಂದು ತೋಳಿತ್ತು, ಅದೂ ಕೂತ ಭಂಗಿಯಲ್ಲಿ. ಅದಕ್ಕೆ ಭಾರ ತಿಳಿಯಲಿಲ್ಲ. ಒಂದಿಷ್ಟೂ ತಿಳಿಯಲಿಲ್ಲ. ಅವನು ನಿಂತ ಮೇಲೆ ಅವನ ಹಿಂದೆ ನಾನು ಎದ್ದಿದ್ದೆ.

ನಾನು ಎತ್ತಲಿಲ್ಲ. ಅಪ್ಪ ತಾನಾಗಿ ಎದ್ದನೋ, ಅವನು ಕಾಯುತ್ತಿದ್ದ ಕೈಯೇ ಬಂದಿತ್ತೋ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಲಾರೆ. ನಾನು ಎತ್ತಲಿಲ್ಲ ಎಂಬುದಷ್ಟು ನಿಜ. ಅವನು ಕೇಳಿದಾಗ ನಾನು ಹೇಳಿದ್ದು ನಿಜವಲ್ಲ.

ಇದನ್ನು ಅವನಿಗೆ ಹೇಳಲು ನನ್ನಿಂದ ಇನ್ನು ಆಗದು. ಕರ್ತನೇ, ನಿನಗೆ ಆಗುತ್ತದೆ. ನೀನು ಹೇಳು.